ಕೆಂಪು ದಾರದ ತಗಡುಗಳು

ಕಲ್ಯಾಣದುರ್ಗ
14-9-2025, ಭಾನುವಾರ

ನನ್ನ ಸೊಸೆ ಭಾರ್ಗವಿಗೆ,

ನಿಮ್ಮತ್ತೆಯ ಆಶೀರ್ವಾದ. ಹಿಂದೂಪುರದಲ್ಲಿ ನೀವಿಬ್ಬರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಇಲ್ಲಿ ನನ್ನೊಬ್ಬಳನ್ನು ಬಿಟ್ಟು ಉಳಿದವರೆಲ್ಲ ಕ್ಷೇಮ. ಫೋನಲ್ಲಿ ಹೇಳೋಣವೆಂದರೆ ನೀನು ಸ್ಪೀಕರ್ ಹಾಕುತ್ತೀಯ, ನನ್ನ ಮಗ ಪಕ್ಕದಲ್ಲಿ ಕೂತು ನಗುತ್ತಾನೆ. ಅದಕ್ಕೇ ಬರೆದು, ನಿಮ್ಮ ಮಾವನ ಕೈಲಿ ನಿನ್ನ ತಗಡುಗಳಿರುವ ಡಬ್ಬಿಯ ಜೊತೆ ಕಳಿಸುತ್ತಿದ್ದೇನೆ. ಡಬ್ಬಿ ಬಿಚ್ಚುವ ಮುಂಚೆ ಇದನ್ನು ಓದು.

ನಮ್ಮ ಬಳಸುವ ನೀರಿನ ತೊಟ್ಟಿಯಲ್ಲಿ ಹನ್ನೆರಡು ಸ್ಟೀಲ್ ತಗಡು ಇಳಿಬಿಟ್ಟು ಹೋದೆಯಲ್ಲ. ಬಿಳಿ ದಾರದವು ಆರು ಬರಿಯವು, ಕೆಂಪು ದಾರದವು ಆರು ನಿನ್ನ ಔಷಧಿ ಬಳಿದವು. ಕ್ರಿಮಿಗಳು ಗುಂಪುಕಟ್ಟಿ ಲೋಳೆ ಹೊದ್ದು ಕೂತರೆ ಯಾವ ಮದ್ದಿಗೂ ಜಗ್ಗುವುದಿಲ್ಲ, ಆಸ್ಪತ್ರೆಯ ನಳಿಗೆಗಳಲ್ಲೂ ಇದೇ ಕಾಟ ಎಂದಿದ್ದೆ. ಬಿಳಿಯವಕ್ಕೆ ಲೋಳೆ ಹತ್ತಬೇಕು, ಕೆಂಪಿನವಕ್ಕೆ ಹತ್ತಬಾರದು. ಇಪ್ಪತ್ತೊಂದು ದಿನ ಯಾರೂ ಮುಟ್ಟಬಾರದು.

ಮುಟ್ಟಿಬಿಟ್ಟೆ ಕಣಮ್ಮ.

ಬೆಳುಗುಪ್ಪದಿಂದ ನಮ್ಮ ದೊಡ್ಡಮ್ಮನ ಮಗಳು ಚೌಡಕ್ಕ ಬಂದಿದ್ದಳು. ಕೈಕಾಲು ತೊಳೆಯಲು ಹೋದವಳು ತೊಟ್ಟಿಗೆ ಬಗ್ಗಿ, “ಅಯ್ಯೋ ದೇವುಡಾ! ಸೊಸೆ ಅಷ್ಟು ಓದವ್ಳೆ ಅಂತೀಯ, ನಿನ್ ತೊಟ್ಟಿ ನೋಡಿದ್ರೆ ಎಮ್ಮೇನೂ ಮೂತಿ ಇಕ್ಕಲ್ಲ ಕಣೇ” ಎಂದಳು. ಅದು ಪಾಚಿಯಲ್ಲ, ರೀಸರ್ಚು ಎಂದೆ. “ಹಂಗಾದ್ರೆ ನಮ್ಮನೆ ಬಚ್ಚಲ್ನಾಗೆ ಮೂರು ಪಿಎಚ್‌ಡಿ ಅವೆ, ಬಂದು ತಕ್ಕೊಂಡೋಗು” ಎಂದು ಬಿದ್ದುಬಿದ್ದು ನಕ್ಕಳು. ಅವಳು ಬಸ್ಸು ಹತ್ತಿದ ಮೇಲೆ ನಾಲ್ಕು ತಗಡು ತೊಳೆದು ಮತ್ತೆ ಇಳಿಬಿಟ್ಟೆ. ಅವತ್ತಿಗೆ ಹದಿನೈದನೇ ದಿನ.

ಅವತ್ತಿನಿಂದ ನನಗೆ ಊಟ ಸೇರಿಲ್ಲ. ಬುಧವಾರ ನೀನು ಇವನ್ನು ನಿಮ್ಮ ಮೇಡಂಗೆ ತೋರಿಸಬೇಕು. ನನ್ನ ಕೈ ಬಿದ್ದ ತಗಡು ತೋರಿಸಿ ನಿನ್ನ ಮೂರು ವರ್ಷದ ಓದು ಮಣ್ಣುಪಾಲಾದರೆ? ನಿಮ್ಮ ಮಾವನಿಗೆ ಹೇಳಿಕೊಂಡೆ. “ನಾಲ್ಕು ಹೋದ್ರೆ ಎಂಟು ಐತಲ್ಲ, ಯಾಕೆ ಒಣಗ್ತೀಯ?” ಎಂದು ಪೇಪರಿಗೆ ಮುಖ ಹಾಕಿದರು. ತೊಳೆದ ನಾಲ್ಕನ್ನೂ ಬೇರೆ ಕವರಿನಲ್ಲಿ ಹಾಕಿದ್ದೇನೆ. ಆರನೇ ಕ್ಲಾಸಿಗೆ ಬಿಟ್ಟವಳು, ಇದಕ್ಕಿಂತ ಬೇರೆ ತೋಚಲಿಲ್ಲ. ಬೈಯುವುದಿದ್ದರೆ ಸ್ಪೀಕರ್ ಆಫ್ ಮಾಡಿ ಬೈ.

ನಿನ್ನ ಫೋನಿಗೇ ಕಾಯುತ್ತಾ ಕೂತಿರುವ ಅತ್ತೆ,
ಬನಶಂಕರಮ್ಮ

ತಾ.ಕ.: ಅರ್ಧ ಮುಚ್ಚಿಟ್ಟು ಕಳಿಸಿದರೆ ಇನ್ನೊಂದು ವಾರ ಅನ್ನ ಇಳಿಯುವುದಿಲ್ಲ. ಚೌಡಕ್ಕ ನಕ್ಕಿದ್ದು ನಿಜ, ಆದರೆ ನಾನು ತೊಳೆದದ್ದು ಅದಕ್ಕಲ್ಲ. ನಾಲ್ಕೂ ಕೆಂಪು ದಾರದವೇ. ಅವಕ್ಕೂ ಲೋಳೆ ಹತ್ತಿತ್ತು. ನೀನು ಸೋಲುವುದನ್ನು ನೋಡಲಾಗಲಿಲ್ಲ. ಬಿಳಿಯದೊಂದನ್ನೂ ಉಜ್ಜಿ ನೋಡಿದೆ, ತೆಂಗಿನ ನಾರಿಗೂ ಬಿಡಲಿಲ್ಲ, ಕೈ ನೋವು ಬಂತು. ಕೆಂಪಿನವುಗಳಿಂದ ಮಾತ್ರ ಒಂದು ಚೊಂಬು ನೀರು ಹುಯ್ದದ್ದಕ್ಕೇ ಲೋಳೆಯೆಲ್ಲ ಜಾರಿಹೋಯಿತು, ಬೆರಳೂ ತಾಗಿಸಲಿಲ್ಲ. ಅದರ ಜೊತೆ ನಿನ್ನ ಔಷಧಿಯೂ ಕೊಚ್ಚಿಹೋಯಿತೇನೋ ಎಂದು ಈಗ ಅದೊಂದು ಹೆದರಿಕೆ.