ಹಕಾರ ಹೊರಡದ ಬೆಳಗು

ದಟ್ಟಗಳ್ಳಿ
ಬೆಳಗ್ಗೆ ಹತ್ತೂಕಾಲು

ಚಿರಂಜೀವಿ ಡಾಕ್ಟರ್ ಧರಣಿಗೆ ಆಶೀರ್ವಾದಗಳು.

ಈ ಪತ್ರವನ್ನು ಮೇಲಿನ ಮನೆಯ ಭಾಗ್ಯಮ್ಮನವರ ಕೈಯಲ್ಲಿ ನಿನ್ನ ಕ್ಲಿನಿಕ್ಕಿಗೆ ಕಳುಹಿಸುತ್ತಿದ್ದೇನೆ. ನಾನು ಪುಟ್ಟ ಯುದ್ಧನೌಕೆಯ ಮಾದರಿಯನ್ನು ಜೋಡಿಸುತ್ತಿರುವುದು ನಿನಗೆ ಗೊತ್ತು. ಅದರ ಡೆಕ್ಕಿನ ಅಂಚಿನ ಕಂಬಿಗಳು ಕೂದಲಿನಷ್ಟು ತೆಳು. ಸೂಜಿಯ ಮೊನೆಯಿಂದ ಅಂಟು ಮುಟ್ಟಿಸಿ, ಉಸಿರು ಬಿಗಿಹಿಡಿದು, ಚಿಮಟದಿಂದ ಕೂರಿಸಬೇಕು. ಎರಡು ವರ್ಷಗಳಲ್ಲಿ ಒಂದನ್ನೂ ಬೀಳಿಸಿದವಳಲ್ಲ. ಇಂದು ಒಂಬತ್ತೂಕಾಲಿಗೆ ಮೂರು ಬಿದ್ದವು. ಬಲಗೈಯಿಂದ ಚಿಮಟವೂ ಬಿತ್ತು. ಬಿದ್ದದ್ದು ನನಗೆ ತಿಳಿಯಲೇ ಇಲ್ಲ.

ಭಾಗ್ಯಮ್ಮನವರು ಹಡಗನ್ನು ಸದಾ “ಅಡಗು” ಎನ್ನುತ್ತಾರೆ, ನಾನು ತಿದ್ದುತ್ತೇನೆ. ಇಂದು ನಾನೇ “ಅಡಗು” ಎಂದೆ. “ನೀವೂ ನಮ್ಮಂಗೇ ಆಗ್ಬುಟ್ರಲ್ಲ ಮಿಸ್ಸು!” ಎಂದು ನಕ್ಕರು. ಒಳಗೆ ಹೋಗಿ ಕನ್ನಡಿಯ ಮುಂದೆ ಹತ್ತು ಸಲ ಪ್ರಯತ್ನಿಸಿದೆ. ಹಕಾರ ಹೊರಡಲಿಲ್ಲ. ತುಟಿಯ ಬಲತುದಿ ಇಳಿದಿದೆ.

ಫೋನ್ ಮಾಡದಿರುವುದಕ್ಕೆ ಕಾರಣ ಅದೇ. ನನ್ನ ಬಾಯಿಂದ ಅಂಥ ಮಾತನ್ನು ನೀನು ಕೇಳಬಾರದು ಎನ್ನಿಸಿತು. ಭಾಗ್ಯಮ್ಮನವರಿಗೂ ಏನನ್ನೂ ಹೇಳಿಲ್ಲ.

ಎಡಗೈಯಲ್ಲಿ ಬರೆದಿದ್ದೇನೆ, ಅಕ್ಷರ ದುಂಡಗಿಲ್ಲ. ತಪ್ಪುಗಳನ್ನು ತಿದ್ದಿ ಮತ್ತೆ ಬರೆದದ್ದರಿಂದ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತು ಕಳೆಯಬಾರದಿತ್ತೆಂದು ಈಗ ಹೊಳೆಯುತ್ತಿದೆ.

ಬಾಗಿಲಿಗೆ ಚಿಲಕ ಹಾಕಿಲ್ಲ. ಬೇಗ ಬಾ, ಮಗು.

ನಿನ್ನ ಕನ್ನಡದ ಮಿಸ್,
ಚಿಕ್ಕಮಾದಮ್ಮ