ಬಾಗಿಲು ತೆಗೆಸುವ ಹಕ್ಕು

ದಿನ ೨೮೭, ಗುರುವಾರ
ಬೆಳಿಗ್ಗೆ ಹತ್ತೂವರೆ, ಅಡುಗೆಮನೆಯ ಮೇಜು

ಒಳಗಿರುವ ನನ್ನ ಗಿಡದ ಡಾಕ್ಟರಿಗೆ, ಹೊರಗಿರುವವನ ಪ್ರೀತಿಯ ನೆನಪುಗಳು.

ಮೂರು ವಾರದಿಂದ ನನ್ನ ಕಾಗದವಿಲ್ಲದೆ ನೀನು ಮೊದಲು ಚಿಂತೆ ಮಾಡಿ, ಆಮೇಲೆ ಕೋಪ ಮಾಡಿಕೊಂಡು, ಈಗ ಬೇಕೆಂದೇ ಸುಮ್ಮನಿರುತ್ತೀಯ ಎಂದು ಗೊತ್ತು. ತಪ್ಪಾಯಿತು. ಕೆಲಸ ಜಾಸ್ತಿ ಇತ್ತು ಎಂದು ಬರೆಯಬಹುದು, ಆದರೆ ಲಿಫ್ಟ್ ರಿಪೇರಿಯವನಿಗೆ ಕೆಲಸ ಯಾವಾಗ ಕಡಿಮೆ ಇತ್ತು? ನಿಜ ಹೇಳುತ್ತೇನೆ. ನಿನ್ನ ಹಿಂದಿನ ಕಾಗದದಲ್ಲಿ 'ಗೋಧಿಯ ಎಲೆ ಅಂಚಿನಲ್ಲಿ ಹಳದಿಯಾಗುತ್ತಿದೆ' ಎಂದು ಒಂದೇ ಸಾಲು ಬರೆದು, ಅದರ ಕೆಳಗೆ ಮಗಳ ಹಲ್ಲಿನ ವಿಚಾರ ಅರ್ಧ ಪುಟ ಬರೆದಿದ್ದೆ. ಅದನ್ನು ಓದಿ ಮೈ ಉರಿಯಿತು. ಗೋಧಿ ಹಳದಿಯಾದರೆ ಏನರ್ಥ ಎಂದು ನನಗೆ ತಿಳಿಯದು ಅಂದುಕೊಂಡೆಯಾ?

ಚೂಟಿಯ ಮುಂದಿನ ಎರಡು ಹಲ್ಲು ಬಂದಿವೆ. ಒಂದು ಸ್ವಲ್ಪ ಓರೆ, ಥೇಟ್ ನಿನ್ನದೇ. ಗಣಿತದಲ್ಲಿ ಚುರುಕು, ಬೂಟಿನ ದಾರ ಕಟ್ಟಿಕೊಳ್ಳುವುದರಲ್ಲಿ ಮಹಾ ಸೋಮಾರಿ. ಅಮ್ಮನ ಮಂಡಿನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ. ಮೊನ್ನೆ ಪಕ್ಕದ ಮನೆಯ ಹೊಲಿಗೆಯವರು ಬಾಗಿಲಲ್ಲಿ ನಿಂತು, "ಅಲ್ಲ, ನಿಮ್ಮ ಹೆಂಡ್ತಿನ ಅಲ್ಲಿ ಕೂಡಿ ಹಾಕಿರೋದು ಯಾತಕ್ಕೆ?" ಎಂದು ಮತ್ತೆ ಕೇಳಿದರು. ನಾನು ಪಾಠ ಒಪ್ಪಿಸುವಂತೆ ಹೇಳಿದೆ. ಆರು ಜನ, ನಾಲ್ಕು ನೂರು ದಿನ, ಮೊಹರು ಹಾಕಿದ ಒಂದು ಮನೆ. ಹೊರಗಿನಿಂದ ಒಂದು ಗುಟುಕು ಗಾಳಿಯೂ ಇಲ್ಲ. ಒಳಗೆ ಬೆಳೆದ ಗಿಡಗಳು ಬಿಟ್ಟ ಉಸಿರಿನಲ್ಲೇ ಅವರು ಬದುಕಿ ತೋರಿಸಿದರೆ, ಆಕಾಶದಾಚೆ ಬೇರೆ ನೆಲದ ಮೇಲೆ ಊರು ಕಟ್ಟಲು ಹೊರಡುವ ಹಡಗಿಗೆ ಒಪ್ಪಿಗೆ ಸಿಗುತ್ತದೆ. ನಡುವೆ ಬಾಗಿಲು ತೆಗೆದರೆ ಎಲ್ಲಾ ಮುಗಿಯಿತು. "ಗಿಡ ಬೆಳೆಸೋರು ಯಾರು?" ಎಂದರು. "ನಮ್ಮನೆಯೋಳೇ" ಎಂದೆ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನೆ ಸಂಜೆ ಕಚೇರಿಯಿಂದ ಒಂದು ಲಕೋಟೆ ಬಂತು. ಮೇಲೆ 'ಮನೆಯವರಿಗೆ' ಎಂದಿತ್ತು. ನಿಮ್ಮ ಆರೂ ಜನರ ಮನೆಗೆ ಇಂಥದ್ದೇ ಬಂದಿದೆಯಂತೆ. ಹೊರಗೆ ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಇಪ್ಪತ್ತೊಂದು ಪಾಲು ಆಮ್ಲಜನಕ, ನಿಮ್ಮ ಮನೆಯೊಳಗೆ ಈಗ ಹದಿನಾರು ಚಿಲ್ಲರೆ. ಹದಿನೈದಕ್ಕೆ ಇಳಿದರೆ ವೈದ್ಯರೇ ಬಾಗಿಲು ತೆಗೆಸುತ್ತಾರೆ. ಅದಕ್ಕೆ ಮೊದಲು, ಆರು ಮನೆಗಳಲ್ಲಿ ಯಾವುದಾದರೂ ಒಂದು ಮನೆಯ ಪರವಾಗಿ ಒಬ್ಬರು ಸಹಿ ಹಾಕಿದರೂ ಸಾಕು, ತೆಗೆಯಲೇಬೇಕು. ಇವತ್ತು, ಗುರುವಾರ ಸಂಜೆ ನಾಲ್ಕು ಗಂಟೆ ಕೊನೆ. ಆಮೇಲೆ ಆ ಹಕ್ಕು ಇಲ್ಲ, ತೀರ್ಮಾನ ವೈದ್ಯರದು ಮಾತ್ರ. ನೀವು ಆರು ಜನ ಒಳಗೆ ಕೂತು ಮುಂದುವರಿಯುತ್ತೇವೆ ಎಂದು ತೀರ್ಮಾನಿಸಿದ್ದೀರಂತೆ, ಅದನ್ನೂ ಬರೆದಿದ್ದಾರೆ. ನಿಮ್ಮಲ್ಲಿ ನೀರಿನ ಕೆಲಸ ನೋಡಿಕೊಳ್ಳುವವರು ಮಂಗಳವಾರ ತಲೆ ತಿರುಗಿ ಬಿದ್ದು ಹುಬ್ಬು ಒಡೆದುಕೊಂಡದ್ದನ್ನೂ ಬರೆದಿದ್ದಾರೆ. ನಿನ್ನ ಬಗ್ಗೆ 'ಹೆಚ್ಚು ನಿದ್ದೆ, ಮಾತು ಕಡಿಮೆ' ಎಂದು ಇದೆ. ನಿನಗೆ ಮಾತು ಕಡಿಮೆ! ಆ ನಾಲ್ಕು ಪದವನ್ನು ಮತ್ತೆ ಮತ್ತೆ ಓದಿದೆ.

ಉಳಿದ ಐದು ಮನೆಗಳಿಗೆ ಫೋನ್ ಮಾಡಿದೆ. ಐವರೂ ಸಹಿ ಹಾಕುವುದಿಲ್ಲ ಎಂದರು. ನೀರಿನವರ ಹೆಂಡತಿ ಅಳುತ್ತಲೇ, "ಹಾಕಲ್ಲ, ನೀವು ಹಾಕಿದ್ರೆ ನಾನು ಬೇಜಾರು ಮಾಡ್ಕೊಳಲ್ಲ" ಎಂದರು. ಎಂಥ ಮಾತು ನೋಡು. ಬಾಗಿಲು ತೆಗೆದರೆ ಸಾಕು ಎಂದು ಎಲ್ಲರಿಗೂ ಇದೆ, ತೆಗೆದವರು ತಾವಾಗಬಾರದು ಎಂದೂ ಇದೆ. ಸಹಿಯ ಕಾಗದ ನನ್ನ ಮುಂದೆ ಬಿದ್ದಿದೆ. ಪೆನ್ನೂ ಇದೆ, ಈ ಕಾಗದ ಬರೆಯುತ್ತಿರುವ ಪೆನ್ನೇ.

ಅಮ್ಮ ಬಟ್ಟೆ ಮಡಿಸುತ್ತಾ ಇತ್ತ ನೋಡುತ್ತಿದ್ದಾರೆ. ನಿನ್ನ ಆಕಾಶದ ಕೆಲಸವನ್ನು ಇಷ್ಟು ವರ್ಷ ಆಡಿಕೊಂಡವರು ಇವತ್ತು 'ಸಹಿ ಹಾಕೋ' ಎಂದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. "ಏನ್ ಮಾಡ್ಲಿ ಅಮ್ಮ?" ಎಂದು ಬಾಯಿಬಿಟ್ಟು ಕೇಳಿದೆ. "ಪೆನ್ನು ಹಿಡಿದಿರೋನು ನೀನು" ಎಂದು ಒಳಗೆ ಹೋದರು.

ಫೋನ್ ಬರುತ್ತಿದೆ. ಯಾವುದೋ ಲಿಫ್ಟ್ ನಿಂತಿದೆ. ಕಾಗದ ಎರಡನ್ನೂ ಜೇಬಿಗೆ ಹಾಕಿಕೊಂಡು ಹೊರಟೆ.

ಮಧ್ಯಾಹ್ನ ಒಂದೂ ಮುಕ್ಕಾಲು, ಒಂಬತ್ತನೆಯ ಮಹಡಿಯ ಮೇಲಿನ ಯಂತ್ರದ ಕೋಣೆ

ಇಲ್ಲಿ ಗ್ರೀಸ್ ವಾಸನೆ, ಮೋಟಾರಿನ ಶಾಖ. ಕಾಗದಕ್ಕೆ ಬೆರಳಿನ ಗುರುತು ಆಗಿದ್ದರೆ ಬೈಯಬೇಡ. ಶುಕ್ರವಾರ, ಗಾಳಿ ನುಗ್ಗದ ಜೋಡಿ ಬಾಗಿಲಿನ ಗೂಡಿನಿಂದ ಇದನ್ನು ಒಳಗೆ ತಳ್ಳುವ ಮೊದಲು ಓದುವ ಆ ಕಚೇರಿಯ ತಾಯಿಯೂ ಬೈಯಬಾರದು. (ನಮಸ್ಕಾರ ತಾಯಿ. ದಯವಿಟ್ಟು ಏನನ್ನೂ ಹೊಡೆದುಹಾಕಬೇಡಿ. ಹೊರಗಿನ ಸುದ್ದಿಯನ್ನೆಲ್ಲಾ ತನಗೆ ತಿಳಿಸಬಹುದು ಎಂದು ಇವಳೇ ಬರೆದುಕೊಟ್ಟಿದ್ದಾಳೆ.)

ಕಣ್ಣೆದುರೇ ಆರು ಉಕ್ಕಿನ ಹಗ್ಗಗಳು ಚಕ್ರದ ಮೇಲಿಂದ ಕೆಳಗೆ ಇಳಿದಿವೆ. ನಿನಗೆ ನೆನಪಿದೆಯೋ ಇಲ್ಲವೋ, ನನ್ನನ್ನು ನೀನು ಸೋಲಿಸಿದ್ದು ಇವುಗಳಿಂದಲೇ. ಈ ಪರೀಕ್ಷೆಗೆ ಹೆಸರು ಕೊಟ್ಟು ಬಂದ ದಿನ ನಾನು ತಟ್ಟೆ ಕುಕ್ಕಿ, "ಇಲ್ಲೇ ಬೇಕಾದಷ್ಟು ಜಾಗ ಬಿದ್ದಿದೆ, ಅಲ್ಲಿ ಹೋಗಿ ಊರು ಕಟ್ಟೋ ದರ್ದು ಯಾರಿಗೆ?" ಎಂದು ಕೂಗಾಡಿದೆ. ನೀನು ಕೂಗಲಿಲ್ಲ.

"ನಿಮ್ಮ ಲಿಫ್ಟಿಗೆ ಎಷ್ಟು ಹಗ್ಗ?"

"ಆರು."

"ಭಾರ ಹೊರೋಕೆ ಎಷ್ಟು ಸಾಕು?"

"ಒಂದೇ ಹೊರುತ್ತೆ."

"ಮತ್ತೆ ಐದು ಯಾತಕ್ಕೆ?"

"ಒಂದು ಹರಿದ್ರೆ?" ಎಂದೆ ನಾನು, ಪೆದ್ದನ ಹಾಗೆ.

"ಹೂಂ. ಹುಟ್ಟಿರೋ ಅಷ್ಟೂ ಜನ, ಹುಟ್ಟಬೇಕಾಗಿರೋ ಅಷ್ಟೂ ಜನ ಒಂದೇ ಹಗ್ಗದಲ್ಲಿ ನೇತಾಡ್ತಿದೀವಿ. ಎಲ್ಲಿಂದಲೋ ಒಂದು ಬಂಡೆ ಬಂದು ಬಿದ್ರೆ ಮುಗೀತು. ನನ್ನ ಕೈಲಾದ್ರೆ ಎರಡನೇ ಹಗ್ಗದ ಒಂದು ಎಳೆ ಹೊಸೆದು ಹೋಗ್ತೀನಿ. ನೀವು ದಿನಾ ಮಾಡೋ ಕೆಲಸಾನೇ ಅಲ್ವಾ?"

ಅಮ್ಮ ಬಿಡಲಿಲ್ಲ. "ಮೊದ್ಲು ಇರೋ ಹಗ್ಗಕ್ಕೆ ಎಣ್ಣೆ ಹಾಕ್ರಿ. ನೀರಿಗೆ ವಿಷ ಬಿಟ್ಟು, ಗಾಳಿಗೆ ಹೊಗೆ ಬಿಟ್ಟು, ಈಗ ಇನ್ನೊಂದು ಮನೆ ಬೇಕಂತೆ!" ನೀನು ಅವರಿಗೂ ಉತ್ತರ ಇಟ್ಟುಕೊಂಡಿದ್ದೆ. "ಅತ್ತೆ, ಒಂದು ಲೋಟ ನೀರನ್ನೂ, ಒಂದು ಉಸಿರನ್ನೂ ನಾವೇ ಮಾಡ್ಕೋಬೇಕಾಗಿ ಬಂದ್ರೆ ಆವಾಗ ಗೊತ್ತಾಗುತ್ತೆ ಅದರ ಬೆಲೆ. ಅಲ್ಲಿ ಕಲಿತಿದ್ದು ಇಲ್ಲಿಗೂ ಬರುತ್ತೆ." ಅಮ್ಮ "ಬಾಯಿ ಮಾತ್ರ ಚೆನ್ನಾಗಿದೆ" ಎಂದರು. ಅವರ ಬಾಯಲ್ಲಿ ಅದು ಹೊಗಳಿಕೆ. ಆಮೇಲೆ ಚೂಟಿ ಕೇಳಿದಳು, "ಅಮ್ಮ, ನೀನೂ ಆ ಹಡಗಲ್ಲಿ ಹೋಗ್ಬಿಡ್ತೀಯಾ?" ನೀನು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ನಾನು ಹೋಗಲ್ಲ ಮರಿ, ನನ್ನ ಗೋಧಿ ಹೋಗುತ್ತೆ" ಎಂದೆ. ಆ ಗೋಧಿಯೇ ಈಗ ಹಳದಿಯಾಗಿ ಕೂತಿದೆ. ಒಳಗೆ ಎಲ್ಲರ ಉಸಿರು ಕಡಿಮೆಯಾಗಿರುವುದು ನಿನ್ನ ಗಿಡಗಳಿಂದ ಎಂದು ನೀನು ಎಷ್ಟು ಒದ್ದಾಡುತ್ತಿರಬೇಕು ಎನ್ನುವುದೇ ನನಗೆ ಸಂಕಟ. ಅದಕ್ಕೇ ಮಾತು ಕಡಿಮೆಯಾಗಿದೆಯೋ, ಗಾಳಿ ಸಾಲದೆ ಕಡಿಮೆಯಾಗಿದೆಯೋ, ಇಲ್ಲಿಂದ ಹೇಗೆ ತಿಳಿಯಲಿ?

ಇಲ್ಲಿ ಸಿಕ್ಕಿಹಾಕಿಕೊಂಡವರು ಒಬ್ಬ ಹಲ್ಲಿನ ವೈದ್ಯರು. ಆರಕ್ಕೂ ಏಳಕ್ಕೂ ನಡುವೆ ಲಿಫ್ಟ್ ನಿಂತಿತ್ತು. ಏಳನೆಯ ಮಹಡಿಯ ಬಾಗಿಲಿನ ಸಂದಿನಿಂದ ಅವರ ತಲೆಯ ಬೋಳು ಮಾತ್ರ ಕಾಣುತ್ತಿತ್ತು. "ಬಾಗಿಲು ತೆಗೀರಿ, ನಾನು ಹತ್ತಿ ಬರ್ತೀನಿ! ಉಸಿರು ಕಟ್ತಿದೆ!" ಎಂದು ಬಡಿಯುತ್ತಿದ್ದರು. ಹೊರಗೆ ಜನ ಸೇರಿ, ತೆಗೆಯಯ್ಯ, ಎಳೆಯಯ್ಯ ಎನ್ನುತ್ತಿದ್ದರು. ತೆಗೆಯುವ ಕೀಲಿ ನನ್ನ ಕೈಯಲ್ಲೇ ಇತ್ತು. ಇಪ್ಪತ್ತೆರಡು ವರ್ಷದಿಂದ ಇಂಥ ಹೊತ್ತಿನಲ್ಲಿ ಹೇಳುವುದನ್ನೇ ಇವತ್ತೂ ಹೇಳಿದೆ: "ಸಾರ್, ಒಳಗೇ ಇರಿ. ಒಳಗೆ ಇರೋ ತನಕ ಏನೂ ಆಗಲ್ಲ. ಅರ್ಧದಲ್ಲಿ ಹೊರಗೆ ಬರೋಕೆ ಹೋದೋರಿಗೇ ಪೆಟ್ಟಾಗೋದು. ನಾನಿದೀನಿ, ಎಲ್ಲೂ ಹೋಗಲ್ಲ."

ಹೇಳಿ ಮುಗಿಸಿದ ಮೇಲೆ ಜೇಬಿನಲ್ಲಿದ್ದ ಕಾಗದ ಎದೆಗೆ ಚುಚ್ಚುತ್ತಿತ್ತು. ನಿನ್ನದು ಬೇರೆ, ಇದು ಬೇರೆ ಎಂದು ನನಗೆ ನಾನೇ ಹೇಳಿಕೊಂಡೆ. ಲಿಫ್ಟಿನೊಳಗೆ ಗಾಳಿಗೆ ಕೊರತೆಯಿಲ್ಲ, ಆ ವೈದ್ಯರಿಗೆ ಆಗಿದ್ದು ಬರೀ ಹೆದರಿಕೆ. ನಿನ್ನ ಮನೆಯಲ್ಲಿ ಗಾಳಿ ನಿಜವಾಗಿ ಇಳಿಯುತ್ತಿದೆ. ಹಾಗಾದರೆ ಯಾವ ಧೈರ್ಯದ ಮೇಲೆ ಸುಮ್ಮನಿರಲಿ? ಮೇಲೆ ಬಂದು ಬ್ರೇಕು ಬಿಟ್ಟು ಕೈಯಿಂದ ಚಕ್ರ ತಿರುಗಿಸಿ, ಲಿಫ್ಟನ್ನು ಏಳನೆಯ ಮಹಡಿಯ ಮಟ್ಟಕ್ಕೆ ತಂದು ಅವರನ್ನು ಇಳಿಸಿದೆ. ಹೊರಗೆ ಬಂದವರು ನನ್ನ ಕೈ ಹಿಡಿದುಕೊಂಡು ತುಂಬಾ ಹೊತ್ತು ಬಿಡಲಿಲ್ಲ.

ಇನ್ನು ಎರಡು ಗಂಟೆ ಇದೆ.

ಮೂರೂ ಇಪ್ಪತ್ತೈದು, ಕಚೇರಿಯ ಹೊರಗಿನ ಬೆಂಚು

ಇಲ್ಲಿಂದ ನಿನ್ನ ಮನೆಯ ಬಿಳಿ ಗೋಡೆ ಕಾಣುತ್ತದೆ, ಕಿಟಕಿ ಕಾಣುವುದಿಲ್ಲ. ಗೇಟಿನ ಹತ್ತಿರ ಇಪ್ಪತ್ತು ಮೂವತ್ತು ಜನ ಫಲಕ ಹಿಡಿದು ನಿಂತಿದ್ದಾರೆ. ಕೆಲವರು ಬಾಗಿಲು ತೆಗೆಯಿರಿ ಎನ್ನುತ್ತಾರೆ, ಕೆಲವರು ತೆಗೆಯಬೇಡಿ ಎನ್ನುತ್ತಾರೆ. ಅವರಲ್ಲಿ ಯಾರ ಹೆಂಡತಿಯೂ ಒಳಗಿಲ್ಲ.

ಬರುವ ದಾರಿಯಲ್ಲಿ ಶಾಲೆಗೆ ಹೋಗಿ ಚೂಟಿಯನ್ನು ಹೊರಗೆ ಕರೆಸಿದೆ. ಕೇಳಬಾರದಿತ್ತು, ಕೇಳಿದೆ. "ಅಮ್ಮನ್ನ ಇವತ್ತೇ ಕರ್ಕೊಂಡು ಬಂದ್ಬಿಡ್ಲಾ?" ಅವಳ ಮುಖ ಒಂದು ಕ್ಷಣ ಅರಳಿತು. ಆಮೇಲೆ ಬೆರಳು ಮಡಿಸಿ ಲೆಕ್ಕ ಹಾಕಿದಳು. "ಇನ್ನೂ ನೂರಾ ಹದಿಮೂರು ಇದೆಯಲ್ಲ ಅಪ್ಪ. ಅಮ್ಮ ಬಾ ಅಂದ್ಳಾ?" ಎಂದಳು. ಇಲ್ಲ ಎಂದೆ. "ಮತ್ತೆ?" ಎಂದು ನನ್ನನ್ನೇ ನೋಡಿದಳು. ಅವಳ ಬೂಟಿನ ದಾರ ಕಟ್ಟಿ ತರಗತಿಗೆ ಕಳಿಸಿದೆ.

ಈ ಬೆಂಚಿನ ಮೇಲೆ ಕೂತು ಎರಡು ಸಲ ಪೆನ್ನಿನ ಮುಚ್ಚಳ ತೆಗೆದೆ. ಒಮ್ಮೆ ನನ್ನ ಹೆಸರಿನ ಮೊದಲ ಅಕ್ಷರದ ಸೊನ್ನೆಯನ್ನೂ ಸುತ್ತಿಬಿಟ್ಟಿದ್ದೆ, ಗಾಳಿಯಲ್ಲಿ, ಕಾಗದಕ್ಕೆ ತಾಗಿಸದೆ. ನೀನು ಹೊರಗೆ ಬಂದು ನನ್ನ ಮುಂದೆ ಕೂತಿರುವುದನ್ನು ನೆನೆಸಿಕೊಂಡೆ. ಕೆನ್ನೆಗೆ ಬಣ್ಣ ಬಂದಿದೆ, ಚೆನ್ನಾಗಿ ಉಸಿರಾಡುತ್ತಿದ್ದೀಯ, ನನ್ನ ಕಡೆ ನೋಡುತ್ತಿಲ್ಲ. ಹತ್ತು ವರ್ಷದ ನಿನ್ನ ಕೆಲಸವನ್ನು ನಾನು ಒಂದು ಗೀಟಿನಿಂದ ಮುಗಿಸಿದ್ದೇನೆ. ಆಮೇಲೆ ಇನ್ನೊಂದನ್ನೂ ನೆನೆಸಿಕೊಂಡೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಸಹಿ ಹಾಕುವುದಿಲ್ಲ. ಎರಡನೆಯ ಹಗ್ಗ ಬೇಕು ಎಂದು ನಾನು ಈಗ ಒಪ್ಪುತ್ತೇನೆ, ಆದರೆ ಅದಕ್ಕಾಗಿ ಅಲ್ಲ. ಹುಟ್ಟಬೇಕಾದ ಅಷ್ಟು ಜನರ ಮುಖ ನನಗೆ ಕಾಣುವುದಿಲ್ಲ, ನನ್ನದು ಅಷ್ಟು ದೊಡ್ಡ ಮನಸ್ಸಲ್ಲ. ನಿನ್ನ ಮುಖ ಕಾಣುತ್ತದೆ. ಹೇಗಾದರೂ ಜೀವ ಉಳಿಸಿಕೊಂಡು ಬರುತ್ತೇನೆ ಎಂದು ನೀನು ಹೇಳಿಲ್ಲ. ನಾಲ್ಕು ನೂರು ದಿನ ಮುಗಿಸಿ ಬರುತ್ತೇನೆ ಎಂದಿದ್ದೀಯ. ನಿನ್ನ ಗಿಡದ ಕಾಯಿಲೆ ನಿನಗೆ ಗೊತ್ತು, ನಿನ್ನ ಮೈ ನಿನಗೆ ಗೊತ್ತು. ಇರಲಾರೆ ಎನಿಸಿದರೆ ಹೇಳುವಷ್ಟು ಬುದ್ಧಿ ನಿನಗಿದೆ ಎಂದು ನಂಬಿ, ಜೀವ ಕೈಯಲ್ಲಿ ಹಿಡಿದುಕೊಂಡು, ಸಹಿಯ ಕಾಗದವನ್ನು ಖಾಲಿ ವಾಪಸು ಕೊಡುತ್ತೇನೆ.

ದಯವಿಟ್ಟು ಜಾಸ್ತಿ ನಡೆಯಬೇಡ. ಮೆಟ್ಟಿಲು ಹತ್ತಬೇಡ. ಹಳದಿ ಎಲೆಗಳನ್ನು ಕಿತ್ತು ಅಳುತ್ತಾ ಕೂರಬೇಡ, ಉಳಿದ ಹಸಿರನ್ನು ನೋಡು. ನಿನಗೂ, ಆ ಐವರಿಗೂ, ಪ್ರತಿಯೊಂದು ಪೈರಿಗೂ ಒಳ್ಳೆಯದಾಗಲಿ. ಇವತ್ತಿಗೆ ನೂರಾ ಹದಿಮೂರನೆಯ ದಿನ ಆ ಬಾಗಿಲ ಎದುರು ಮೂರು ಜನ ನಿಂತಿರುತ್ತೇವೆ, ನಿನ್ನ ಅತ್ತೆಯ ಮಂಡಿಗೆ ಕುರ್ಚಿಯ ಸಮೇತ.

ನಿನ್ನವನೇ ಆದ,
ಲಿಫ್ಟಿನವನು

ಇನ್ನೊಂದು ಮಾತು: ಸಂಜೆ ಐದೂವರೆ. ಮನೆಗೆ ಬಂದಿದ್ದೇನೆ.

ಕಾಗದವನ್ನು ಕೊಡಲು ಹೋದಾಗ ಕಿಟಕಿಯಲ್ಲಿದ್ದ ಗುಮಾಸ್ತೆ ನಿನ್ನ ಕಡತ ತೆಗೆದು ನೋಡಿ, ಮತ್ತೊಮ್ಮೆ ನೋಡಿ, "ಇದು ನಿಮ್ಮಿಂದ ಬೇಕಾಗಿಲ್ಲ ಸಾರ್" ಎಂದರು. ಅರ್ಥವಾಗಲಿಲ್ಲ. "ನಿಮ್ಮನೆಯಿಂದ ಸಹಿ ಹಾಕೋ ಹಕ್ಕು ನಿಮಗಿಲ್ಲ. ಒಳಗೆ ಹೋಗೋ ಮೊದಲು ನಿಮ್ಮ ಮಿಸೆಸ್ ನಿಮ್ಮ ತಾಯಿ ಹೆಸರು ಬರೆದುಕೊಟ್ಟಿದಾರೆ. ತಾಯಿಯವರು ನಿನ್ನೆನೇ ಫೋನ್ ಮಾಡಿ ಸಹಿ ಹಾಕಲ್ಲ ಅಂದ್ರು." ನನ್ನ ಹಿಂದೆ ಯಾರೋ ನಿಂತಿದ್ದರು. ಅವರಿಗೆ ದಾರಿ ಬಿಟ್ಟೆ.

ಅಮ್ಮನನ್ನು ಕೇಳಿದೆ. ಚೂಟಿಯ ಲಂಗದ ಅಂಚು ಹೊಲಿಯುತ್ತಿದ್ದವರು ತಲೆ ಎತ್ತಲಿಲ್ಲ. "ಮೊದಲಿಂದ್ಲೂ ಗೊತ್ತು. ಅವರಿಗೆ ಹೇಳ್ಬೇಡಿ ಅತ್ತೆ, ಅವರು ತೆಗೆದುಬಿಡ್ತಾರೆ ಅಂದಿದ್ಲು." "ನಿನಗೆ ಈ ಆಕಾಶದ ಕೆಲಸಾನೇ ಹಿಡಿಸಲ್ವಲ್ಲ ಅಮ್ಮ, ನೀನಾದ್ರೂ ಯಾಕೆ ಸಹಿ ಹಾಕ್ಲಿಲ್ಲ?" ಎಂದೆ. "ಈಗಲೂ ಹಿಡಿಸಲ್ಲ. ನಂಬಿ ಕೊಟ್ಟಿದ್ಲಲ್ಲ, ಏನ್ ಮಾಡ್ಲಿ?" ಎಂದು ಹಲ್ಲಿನಿಂದ ದಾರ ಕಡಿದರು.

ಇಪ್ಪತ್ತೆರಡು ವರ್ಷ ಬಾಗಿಲು ತೆಗೆಯುವುದನ್ನೇ ಕಸುಬು ಮಾಡಿಕೊಂಡವನ ಕೈಗೆ ನಿನ್ನ ಬಾಗಿಲನ್ನು ಕೊಡಲು ನಿನಗೆ ಧೈರ್ಯ ಬರಲಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೂ ಬಹುಶಃ ಹಾಗೇ ಮಾಡುತ್ತಿದ್ದೆ. ಆದರೂ ನೋಯುತ್ತಿದೆ, ಕಣೇ. ಆ ಖಾಲಿ ಕಾಗದವನ್ನು ನನಗೇ ವಾಪಸು ಕೊಟ್ಟರು. ಇದರ ಜೊತೆ ಇಟ್ಟಿದ್ದೇನೆ, ನೋಡು, ಎಲ್ಲೂ ಒಂದು ಗೀಟಿಲ್ಲ. ಹಕ್ಕೇ ಇಲ್ಲದವನು ತಾನಾಗಿಯೇ ಸಹಿ ಹಾಕಲಿಲ್ಲ ಎಂದರೆ ಊರಲ್ಲಿ ಯಾರು ನಂಬುತ್ತಾರೆ? ನೀನು ನಂಬಬೇಕು.