ರವಿಕೆ ಪೀಸಿನ ಹಲಗೆ

ಹೊನ್ನಾಳಿ

ಪ್ರೇಮಲತಾ ಮೇಡಂ ಅವರಿಗೆ, ಬಟ್ಟೆ ಅಂಗಡಿ ಕಲ್ಲೇಶಪ್ಪನ ನಮಸ್ಕಾರಗಳು.

ಇಂಗ್ಲಿಷಿನಲ್ಲೇ ಶುರು ಮಾಡಿದ್ದೆ. ಕಾಲೇಜಿನಲ್ಲಿ ಕಲಿತದ್ದು ‘ವಿತ್ ರೆಫರೆನ್ಸ್ ಟು’ವರೆಗೆ ಬಂದು ನಿಂತುಬಿಟ್ಟಿತು.

ನೀವು ಹಾಕಿಸಿದ ಮಾಡ್ಯುಲರ್ ರ‍್ಯಾಕುಗಳು ಚೆನ್ನಾಗಿವೆ. ರವಿಕೆ ಪೀಸಿನ ಹಲಗೆ ಮಾತ್ರ ಕೆಳಗಾಯಿತು, ಅಳತೆ ತಪ್ಪಿದ್ದು ನಮ್ಮಿಂದಲೇ ಎಂದು ಫೋನಿನಲ್ಲಿ ನೊಂದುಕೊಂಡಿರಿ. ನಿಮ್ಮ ತಪ್ಪಲ್ಲ. ಅಳತೆಯ ದಿನ ನಿಮ್ಮ ಫಿಟ್ಟರ್ ಉಚ್ಚಂಗೆಪ್ಪ, “ರವಿಕೆ ಪೀಸಿನ ಹಲಗೆ ಎಲ್ಲಿಗೆ ಬರ್ಬೇಕ್ರೀ ಯಜಮಾನ್ರೆ? ಕೈಗೆ ಸಿಗಂಗಿರ್ಬೇಕಲ್ಲ” ಎಂದ. ನಾನು ನನ್ನ ಸೊಂಟದ ಹತ್ತಿರ ಕೈ ಹಿಡಿದು ತೋರಿಸಿದೆ. ಅದು ನನ್ನ ಹೆಂಡತಿ ಅನ್ನಪೂರ್ಣಳ ಕೈ ಕೂತಲ್ಲಿಂದಲೇ ಎಟುಕುತ್ತಿದ್ದ ಎತ್ತರ. ಗಿರಾಕಿ ಸೆರಗು ತೋರಿಸಿದರೆ ಸಾಕು, ಅದಕ್ಕೆ ಹೊಂದುವ ಪೀಸು ಎಳೆದು ಕೊಡುತ್ತಿದ್ದಳು. ಅವಳು ತೀರಿಕೊಂಡು ವರ್ಷ ಕಳೆದಿದೆ ಎಂಬುದು ಕೈ ತೋರಿಸುವಾಗ ನೆನಪಾಗಲಿಲ್ಲ.

ಈಗ ಬಗ್ಗಿ ಬಗ್ಗಿ ಸಾಕಾಗಿದೆ. “ಮಾವಾರೆ, ನಿಮ್ ಸೊಂಟ ಉಳಿಬೇಕಂದ್ರೆ ಅದನ್ನ ಎತ್ತರಿಸಾಕೆ ಹೇಳ್ರಿ” ಎನ್ನುತ್ತಾಳೆ ಸೊಸೆ ಪುಷ್ಪಾ. ಇನ್ನು ಆ ಕಡೆ ಕೂರುವವಳು ಅವಳೇ. ಎತ್ತರದ ಹುಡುಗಿ.

ಉಚ್ಚಂಗೆಪ್ಪನನ್ನು ಕಳಿಸಿಕೊಡಿ. ಎತ್ತರ ನನ್ನನ್ನು ಕೇಳುವುದು ಬೇಡ, ಪುಷ್ಪಾಳ ಕೈಯಳತೆ ತೆಗೆದುಕೊಳ್ಳಲಿ. ಹಲಗೆ ತೆಗೆದ ಜಾಗದಲ್ಲಿ ತೂತು ಕಾಣಬಾರದೆಂದು ನಿಮ್ಮವರು ಬಿಳಿ ಮುಚ್ಚಳ ಅಂಟಿಸುತ್ತಾರಲ್ಲ, ಅದನ್ನು ಮಾತ್ರ ಅಂಟಿಸಬೇಡಿ. ಆ ತೂತುಗಳು ಹಾಗೇ ಇರಲಿ.

ಯುವರ್ಸ್ ಫೇತ್‌ಫುಲಿ,
ಕಲ್ಲೇಶಪ್ಪ